ತಾಯ್ನುಡಿಯ ಮಗುವೂ ಪರನುಡಿಯ ಪಾಠವೂ



ಪ್ರತಿವರ್ಷ ಜೂನ್ ತಿಂಗಳು ಸಮೀಪಿಸುತ್ತಲೇ ನಮ್ಮ ಹಳ್ಳಿಗಳ ಮನೆಮನೆಯಲ್ಲಿಯೂ ಒಂದೇ ಮಾತು ಏಳುತ್ತದೆ: ಈ ಸಲ ಮಗುವನ್ನು ಯಾವ ಶಾಲೆಗೆ ಸೇರಿಸೋಣ? ಕರ್ನಾಟಕದ ನಡುನಾಡಿನಲ್ಲಿರುವ ರೈತನಿಗೆ ಇದು ದೂರದ ಹಾಗೂ ವೆಚ್ಚದ ಪ್ರಶ್ನೆ. ನಮಗೆ ಅಷ್ಟೇ ಅಲ್ಲ. ಮಗು ಯಾವ ಮಾತಿನಲ್ಲಿ ಎಣಿಸಲು ಕಲಿಯಬೇಕು, ಯಾವ ಮಾತಿನಲ್ಲಿ ಗುರುಗಳನ್ನು ಪ್ರಶ್ನಿಸಬೇಕು, ಬೆಳೆದ ಮೇಲೆ ತಾನು ಯಾರೆಂದು ಹೇಳಿಕೊಳ್ಳಬೇಕು ಎಂಬ ಎಲ್ಲ ಪ್ರಶ್ನೆಗಳೂ ಆ ಒಂದು ಪ್ರಶ್ನೆಯೊಳಗೆ ಅಡಗಿಕೊಂಡಿವೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕನ್ನಡ ಹಳ್ಳಿಗಳು ಮುಂಬಯಿ ರಾಜ್ಯದಲ್ಲಿ ಉಳಿದು 1960ರಿಂದ ಮಹಾರಾಷ್ಟ್ರದವಾದವು. ಹೊಸೂರು, ತಾಳವಾಡಿ, ನೀಲಗಿರಿಯ ಕನ್ನಡಿಗರು ಮದರಾಸಿನವರಾಗಿ ಉಳಿದರು. ಗಡಿಯ ರೇಖೆಯಿಂದ ಕಚೇರಿಯ ಮುದ್ರೆ ಬದಲಾಯಿತು, ಬಸ್ಸಿನ ಫಲಕ ಬದಲಾಯಿತು, ಕಂದಾಯದ ರಸೀದಿಯ ಅಕ್ಷರ ಬದಲಾಯಿತು. ಇವೆಲ್ಲವನ್ನೂ ನಮ್ಮ ಹಿರಿಯರು ಹೇಗೋ ಸಹಿಸಿಕೊಂಡರು. ಏಕೆಂದರೆ ರಸೀದಿಯನ್ನು ಯಾರಿಂದಲಾದರೂ ಓದಿಸಿಕೊಳ್ಳಬಹುದು. ಆದರೆ ಆರು ವರ್ಷದ ಮಗು ತನ್ನ ಪಾಠವನ್ನು ಇನ್ನೊಬ್ಬರಿಂದ ಕಲಿಸಿಕೊಂಡು ತಾನು ಕಲಿತಂತೆ ಆಗುವುದಿಲ್ಲ. ಗಡಿಯ ರೇಖೆ ಅತ್ಯಂತ ಆಳವಾಗಿ ಕೊರೆದಿರುವುದು ಹೊಲದ ಬದುವಿನಲ್ಲಿ ಅಲ್ಲ, ಶಾಲೆಯ ಕೋಣೆಯಲ್ಲಿ. ಆ ಕೋಣೆಯಲ್ಲಿ ಮಗುವಿಗೂ ಉಪಾಧ್ಯಾಯರಿಗೂ ಏನು ನಡೆಯುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಮಾಡೋಣ.

ಮೌನವೆಂದರೆ ದಡ್ಡತನವಲ್ಲ

ಶಾಲೆಗೆ ಬರುವ ಮಗು ಬರಿಗೈಯಲ್ಲಿ ಬರುವುದಿಲ್ಲ. ಐದಾರು ವರ್ಷಗಳಲ್ಲಿ ಅದು ಒಂದು ಭಾಷೆಯನ್ನೇ ಗಳಿಸಿಕೊಂಡು ಬಂದಿರುತ್ತದೆ. ಕೇಳುವುದು, ಹಠಮಾಡುವುದು, ಕಥೆ ಹೇಳುವುದು, ಸುಳ್ಳನ್ನೂ ನಿಜವನ್ನೂ ಬೇರ್ಪಡಿಸುವುದು, ಪಾಲುಹಂಚುವಾಗ ತನಗೆ ಕಡಿಮೆ ಬಂತೆಂದು ಜಗಳಾಡುವುದು, ಇವೆಲ್ಲವೂ ಅದಕ್ಕೆ ತಿಳಿದಿವೆ. ಪಾಲು ಹಂಚುವ ಜಗಳದಲ್ಲಿ ಗಣಿತವಿದೆ; ಅಜ್ಜಿಯ ಕಥೆಯಲ್ಲಿ ಇತಿಹಾಸವಿದೆ; ಹೊಲದ ದಾರಿಯಲ್ಲಿ ಸಸ್ಯಶಾಸ್ತ್ರವಿದೆ. ಒಳ್ಳೆಯ ಉಪಾಧ್ಯಾಯರಾದವರು ಈ ಬಂಡವಾಳವನ್ನೇ ಹಿಡಿದು ಮುಂದಿನ ವ್ಯಾಪಾರವನ್ನು ನಡೆಸುತ್ತಾರೆ.

ಈಗ ಆ ಮಗುವಿನ ಮಾತು ತಿಳಿಯದ ಉಪಾಧ್ಯಾಯರೊಬ್ಬರು ಎದುರು ನಿಂತರೆಂದು ಭಾವಿಸೋಣ. ಅವರು ಪ್ರಶ್ನೆ ಕೇಳುತ್ತಾರೆ. ಮಗುವಿಗೆ ಉತ್ತರ ಗೊತ್ತಿದ್ದರೂ ಪ್ರಶ್ನೆ ತಿಳಿಯುವುದಿಲ್ಲ; ಪ್ರಶ್ನೆ ತಿಳಿದರೂ ಉತ್ತರಿಸುವ ಮಾತು ಸಿಗುವುದಿಲ್ಲ. ಅದು ಸುಮ್ಮನಿರುತ್ತದೆ. ಉಪಾಧ್ಯಾಯರು ಆ ಮೌನವನ್ನು ದಡ್ಡತನವೆಂದು ಎಣಿಸುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಗುವೂ ಹಾಗೆಯೇ ಎಣಿಸತೊಡಗುತ್ತದೆ. ಆ ಮೇಲೆ ಅದು ಹಲಗೆಯ ಮೇಲಿರುವುದನ್ನು ನೋಡಿ ಬರೆಯುತ್ತದೆ, ಎಲ್ಲರೊಡನೆ ಕೂಗಿ ಓದುತ್ತದೆ, ಅಕ್ಷರವನ್ನು ತಪ್ಪಿಲ್ಲದೆ ಉಚ್ಚರಿಸುತ್ತದೆ. ಆದರೆ ಓದಿದುದರ ಅರ್ಥವನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ಓದು ಬಂದಿದೆಯೆಂದು ತಂದೆತಾಯಿಗಳು ಸಂತೋಷಪಡುತ್ತಾರೆ. ಬಂದಿರುವುದು ಓದಲ್ಲ, ಓದಿನ ನೆರಳು.

ಇದು ನಾವು ಮಾತ್ರ ಹೇಳುವ ಮಾತಲ್ಲ. 1953ರಷ್ಟು ಹಿಂದೆಯೇ ಯುನೆಸ್ಕೋ ಸಂಸ್ಥೆಯು ಶಿಕ್ಷಣದಲ್ಲಿ ದೇಶಭಾಷೆಗಳ ಬಳಕೆಯನ್ನು ಕುರಿತು ವರದಿಯೊಂದನ್ನು ಪ್ರಕಟಿಸಿ, ಮಗುವಿಗೆ ಕಲಿಸಲು ತಾಯ್ನುಡಿಯೇ ಉತ್ತಮ ಮಾಧ್ಯಮವೆಂದು ಸಾರಿತು. ಕಾರಣ ಸರಳವಾದುದು. ಓದುವ ಕಲೆಯನ್ನು ಮನುಷ್ಯನು ಒಮ್ಮೆ ಮಾತ್ರ ಕಲಿಯುತ್ತಾನೆ. ಗುರುತಿಗೂ ದನಿಗೂ ಇರುವ ನಂಟು, ಪದಕ್ಕೂ ಅರ್ಥಕ್ಕೂ ಇರುವ ನಂಟು ಇವು ತಿಳಿದ ಮಾತಿನಲ್ಲಿ ಒಮ್ಮೆ ಮನಸ್ಸಿಗೆ ಹತ್ತಿದರೆ, ಎರಡನೆಯ ಭಾಷೆಗೆ ಅದೇ ಕಲೆಯನ್ನು ಕೊಂಡೊಯ್ಯಬಹುದು. ಬುನಾದಿಯೇ ತಿಳಿಯದ ಮಾತಿನಲ್ಲಿ ಬಿದ್ದರೆ ಎರಡು ಮನೆಗಳೂ ವಾಲುತ್ತವೆ.

ಬಲ್ಲ ಗುರುವಿಗೂ ಅರಿಯದ ಗುರುವಿಗೂ ಇರುವ ಅಂತರ

ಕಲಿಸುವ ಬಗೆಯಲ್ಲಿರುವ ಸಣ್ಣ ಸಣ್ಣ ಸಂಗತಿಗಳಿಂದ ಮಗುವಿನ ಭವಿಷ್ಯ ಹೇಗೆ ತಿರುಗುತ್ತದೆ ಎಂಬುದಕ್ಕೆ ನಮ್ಮ ಗಡಿಗಳಿಂದಲೇ ಕೆಲವು ನಿದರ್ಶನಗಳನ್ನು ಕೊಡುತ್ತೇವೆ.

ಹೊಸೂರಿನ ಮಗುವನ್ನು ತೆಗೆದುಕೊಳ್ಳಿ. ಕನ್ನಡದ ವರ್ಣಮಾಲೆಯಲ್ಲಿ ಕ, ಖ, ಗ, ಘ ಎಂದು ನಾಲ್ಕು ಅಕ್ಷರಗಳಿವೆ. ತಮಿಳಿನಲ್ಲಿ ಈ ನಾಲ್ಕಕ್ಕೂ ಇರುವುದು ಒಂದೇ ಅಕ್ಷರ. ಗಂಗಾಧರನೆಂಬ ಹುಡುಗನು ತನ್ನ ಹೆಸರನ್ನು ತಮಿಳಿನಲ್ಲಿ ಬರೆಯಲು ಹೊರಟರೆ ‘ಗ’ಕಾರವೆಲ್ಲಿ ಎಂದು ತಡವರಿಸುವುದು ಸಹಜ. ಎರಡೂ ಭಾಷೆ ಬಲ್ಲ ಗುರುಗಳು, ‘ಮಗೂ, ಇಲ್ಲಿ ಅಕ್ಷರ ಒಂದೇ, ಸ್ಥಳ ನೋಡಿ ದನಿ ಬದಲಾಗುತ್ತದೆ’ ಎಂದು ಒಂದು ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಬಲ್ಲದವರು ಕೆಂಪು ಶಾಯಿಯಿಂದ ಗೀಟು ಎಳೆಯುತ್ತಾರೆ.

ಜತ್ತ, ಅಕ್ಕಲಕೋಟೆಗಳ ಕಡೆಗೆ ಬನ್ನಿ. ಮರಾಠಿಯನ್ನು ಬರೆಯುವ ದೇವನಾಗರಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘಗಳ ಭೇದವಿಲ್ಲ. ಅಲ್ಲಿ ನಮ್ಮ ‘ಬೆಳೆ’ಯೂ ‘ಬೇಳೆ’ಯೂ ಒಂದೇ ರೂಪದಲ್ಲಿ ನಿಲ್ಲುತ್ತವೆ. ಮೊದಲು ಮರಾಠಿಯಲ್ಲಿ ಅಕ್ಷರ ಕಲಿತ ಕನ್ನಡ ಮಗು ಮುಂದೆ ಕನ್ನಡ ಬರೆಯುವಾಗ ಈ ಭೇದವನ್ನು ಕಳೆದುಕೊಳ್ಳುವುದು ಅದರ ಅಲಕ್ಷ್ಯದಿಂದಲ್ಲ. ಅದಕ್ಕೆ ಕಲಿಸಿದ ಕ್ರಮದಿಂದ. ಹೊಲದಲ್ಲಿ ನಿಂತ ಬೆಳೆಯೂ ಗಡಿಗೆಯಲ್ಲಿ ಬೇಯುವ ಬೇಳೆಯೂ ಬೇರೆ ಎಂಬುದನ್ನು ಅದರ ನಾಲಗೆ ಬಲ್ಲುದು. ಬರೆವಣಿಗೆ ಮಾತ್ರ ಅರಿಯದು.

ಮಡಕಶಿರ, ರಾಯದುರ್ಗಗಳಲ್ಲಿ ಪರಿಸ್ಥಿತಿ ತಿರುವುಮುರುವು. ಕನ್ನಡ ತೆಲುಗು ಲಿಪಿಗಳೆರಡೂ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ತಲಕಟ್ಟಿಗೆ ಎರಡು ಭಾಷೆಯಲ್ಲಿಯೂ ಒಂದೇ ಹೆಸರು. ಕನ್ನಡ ಚೆನ್ನಾಗಿ ಬಂದ ಮಗುವಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು, ಬೇರೆಯಾಗಿರುವ ಅಕ್ಷರಗಳನ್ನಷ್ಟೇ ತೋರಿಸಿದರೆ ತೆಲುಗಿನ ಓದು ಬಹು ಬೇಗ ಕೈವಶವಾಗುತ್ತದೆ. ಹೀಗೆ ಕಲಿಸಿದರೆ ಕನ್ನಡವು ತೆಲುಗಿನ ಕಲಿಕೆಗೆ ಮೆಟ್ಟಿಲಾಗುತ್ತದೆ. ಹಾಗೆ ಕಲಿಸದೆ ಕನ್ನಡವನ್ನು ಮರೆಸಿಯೇ ತೆಲುಗನ್ನು ತುಂಬಬೇಕೆಂದು ಹೊರಟರೆ ಇದ್ದ ಮೆಟ್ಟಿಲನ್ನು ಕಿತ್ತು ಗೋಡೆ ಹತ್ತಿಸಿದಂತಾಗುತ್ತದೆ.

ಇನ್ನು ಪದಗಳ ಮೋಸ. ‘ಅವಸರ’ ಎಂದರೆ ನಮಗೆ ಆತುರ, ತೆಲುಗರಿಗೆ ಅಗತ್ಯ, ಮಲಯಾಳಿಗಳಿಗೆ ಸಂದರ್ಭ, ಅನುಕೂಲ. ‘ಅವಕಾಶ’ ಎಂದರೆ ಮಲಯಾಳದಲ್ಲಿ ಹಕ್ಕು. ಮಲಯಾಳದ ಪಾಠವನ್ನು ಕನ್ನಡಕ್ಕೆ ತರುವವರು ಪದವನ್ನು ಹಾಗೆಯೇ ಇಳಿಸಿದರೆ, ಮಕ್ಕಳ ಹಕ್ಕು ಮಕ್ಕಳ ಅವಕಾಶವಾಗಿಬಿಡುತ್ತದೆ. ಹಕ್ಕು ಕೇಳಿ ಪಡೆಯುವಂತಹುದು. ಅವಕಾಶ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಪಠ್ಯಪುಸ್ತಕದ ಒಂದು ಪದದ ಬದಲಾವಣೆಯಲ್ಲಿ ಎಷ್ಟು ನಷ್ಟ ನೋಡಿರಿ! ಕೇರಳದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಸರ್ಕಾರದ ವತಿಯಿಂದ ಕನ್ನಡ ಪಠ್ಯಪುಸ್ತಕಗಳು ಅಚ್ಚಾಗುತ್ತಿರುವುದು ಒಳ್ಳೆಯದೇ. ಆದರೆ ಪುಸ್ತಕ ಕನ್ನಡ ಲಿಪಿಯಲ್ಲಿದ್ದ ಮಾತ್ರಕ್ಕೆ ಕನ್ನಡವಾಗುವುದಿಲ್ಲ. ಅದನ್ನು ಓದಿದ ಮಗು ತಲೆದೂಗಿದರೆ ಕನ್ನಡವಾಗುತ್ತದೆ.

ಉಪಾಧ್ಯಾಯರ ಸಂಕಟ

ಇಷ್ಟು ಹೇಳಿ ಎಲ್ಲ ದೋಷವನ್ನೂ ಉಪಾಧ್ಯಾಯರ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ಮಕ್ಕಳೂ ಪಾಲಕರೂ ಶಾಲೆಯ ಮುಂದೆ ನಿಂತು ಪ್ರತಿಭಟಿಸಿದುದನ್ನು, ವಿಷಯವು ಉಚ್ಚ ನ್ಯಾಯಾಲಯದವರೆಗೆ ಹೋದುದನ್ನು ನಮ್ಮ ವಾಚಕರು ಬಲ್ಲರು. ಆ ಪ್ರತಿಭಟನೆ ನ್ಯಾಯವಾದುದು. ಗಣಿತವನ್ನಾಗಲಿ ವಿಜ್ಞಾನವನ್ನಾಗಲಿ ಸನ್ನೆಯಿಂದ ಕಲಿಸಲಾಗುವುದಿಲ್ಲ. ಆದರೆ ಆ ಅಧ್ಯಾಪಕರ ಸ್ಥಿತಿಯನ್ನೂ ಒಮ್ಮೆ ನೆನೆಯಿರಿ. ಅವರೂ ಓದಿ, ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರು ಬಂದು, ಆಜ್ಞೆಯ ಕಾಗದ ಹಿಡಿದು ಬಂದವರು. ತಾವು ಬಲ್ಲ ವಿಷಯವನ್ನು ತಮ್ಮೆದುರಿನ ಮಕ್ಕಳಿಗೆ ಮುಟ್ಟಿಸಲಾರದೆ ದಿನಕ್ಕೆ ಐದಾರು ಗಂಟೆ ನಿಲ್ಲುವುದು ಯಾವ ಗುರುವಿಗೂ ಸುಖವಲ್ಲ. ಮಗುವಿನ ಮೌನ ಒಂದು ಕಡೆ, ಗುರುವಿನ ಮೌನ ಇನ್ನೊಂದು ಕಡೆ; ಇವೆರಡರ ನಡುವೆ ಪಾಠ ಸಾಯುತ್ತದೆ. ತಪ್ಪು ಆ ವ್ಯಕ್ತಿಯದಲ್ಲ, ಭಾಷಾಜ್ಞಾನವನ್ನು ಸರಿಯಾಗಿ ಪರೀಕ್ಷಿಸದೆ ಕಳುಹಿಸಿದ ವ್ಯವಸ್ಥೆಯದು. ಆದುದರಿಂದ ನಮ್ಮ ಒತ್ತಾಯವಿರಬೇಕಾದುದು ನೇಮಕದ ನಿಯಮದ ಮೇಲೆ. ನಮ್ಮ ಊರಿಗೆ ಬಂದ ಅತಿಥಿಯ ಮೇಲೆ ಅಲ್ಲ.

ಕನ್ನಡ ಬಲ್ಲ ಉಪಾಧ್ಯಾಯರಿಗೂ ಗಡಿಯಲ್ಲಿ ಸುಖವಿಲ್ಲ. ಇಲಾಖೆಯ ಸುತ್ತೋಲೆ ಒಂದು ಭಾಷೆಯಲ್ಲಿ, ಪಾಠ ಇನ್ನೊಂದು ಭಾಷೆಯಲ್ಲಿ. ತರಬೇತಿಯ ಶಿಬಿರದಲ್ಲಿ ಹೇಳಿದುದನ್ನು ತಾವೇ ರಾತ್ರಿ ಕುಳಿತು ಕನ್ನಡಿಸಿಕೊಳ್ಳಬೇಕು. ತನಿಖೆಗೆ ಬಂದ ಅಧಿಕಾರಿಗೆ ಕನ್ನಡ ಬಾರದಿದ್ದರೆ, ಆತನು ಕಾಣುವುದು ಹಾಜರಿಯನ್ನು, ಗೋಡೆಯ ಸುಣ್ಣವನ್ನು, ಪಾಠದ ಸೊಗಸನ್ನಲ್ಲ. ಮೆಚ್ಚುವವರಿಲ್ಲದ ಕೆಲಸವನ್ನು ಮೂವತ್ತು ವರ್ಷ ಮಾಡುವುದೆಂದರೆ ತಪಸ್ಸೇ ಸರಿ. ಅಂತಹ ತಪಸ್ವಿಗಳು ನಮ್ಮ ಹಳ್ಳಿಗಳಲ್ಲಿದ್ದಾರೆ. ಊರಿನವರು ಅವರನ್ನು ವರ್ಷಕ್ಕೊಮ್ಮೆ ಹಾರ ಹಾಕಿ ನೆನೆಯುವುದು ಸಾಲದು. ಅವರ ಪಾಠವನ್ನು ಕೇಳಿ ತಿಳಿದುಕೊಂಡು ಮೆಚ್ಚಬೇಕು.

ಮನೆಮಾತು ಹಲವು, ಶಾಲೆ ಒಂದು

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವನ್ನು ಎತ್ತಬೇಕಾಗಿದೆ. ಕಾಸರಗೋಡಿನ ಕನ್ನಡ ಶಾಲೆಯ ಒಂದು ಬೆಂಚಿನಲ್ಲಿ ಕುಳಿತ ಐದು ಮಕ್ಕಳ ಮನೆಮಾತು ಐದಾಗಿರಬಹುದು: ತುಳು, ಕೊಂಕಣಿ, ಹವ್ಯಕ ಕನ್ನಡ, ಮರಾಟಿ, ಬ್ಯಾರಿ. ಶಾಲೆಯ ಕನ್ನಡ ಅವರಲ್ಲಿ ಹಲವರಿಗೆ ಹುಟ್ಟಿನಿಂದ ಬಂದುದಲ್ಲ. ತಲೆತಲಾಂತರದಿಂದ ಓದುಬರಹದ ಮಾತಾಗಿ ಬಂದುದು. ಇದನ್ನು ಹಿಡಿದು, ಇವರು ಕನ್ನಡಿಗರೇ ಅಲ್ಲ ಎಂದು ಲೆಕ್ಕಹಾಕುವವರು ಇದ್ದಾರೆ. ಅವರಿಗೆ ಉತ್ತರ ಬಹಳ ಸುಲಭ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿಯೆಂಬ ಗೌರವವನ್ನಿತ್ತುದು ಅವರ ಕನ್ನಡ ಕಾವ್ಯಕ್ಕಾಗಿ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರು ಬದಿಯಡ್ಕದ ಬಳಿಯ ಪೆರಡಾಲದ ಶಾಲೆಯಲ್ಲಿ ಕನ್ನಡ ಕಲಿಸಿದರು, ಕನ್ನಡದಲ್ಲಿ ಬರೆದರು, ತುಳುವಿನಲ್ಲಿಯೂ ಬರೆದರು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಆ ಹಿರಿಯರ ಬಾಳಿನಲ್ಲಿ ಮನೆಮಾತಿಗೂ ಶಾಲೆಮಾತಿಗೂ ಜಗಳವಿರಲಿಲ್ಲ. ಒಂದು ಮಗುವಿಗೆ ಒಂದೇ ಗುರುತು ಇರಬೇಕೆಂಬುದು ಕಾಗದದ ನಮೂನೆಯ ಹಟ; ಬದುಕಿನ ಹಟವಲ್ಲ.

ಆದರೆ ಈ ಮಾತು ನಮ್ಮ ಕನ್ನಡ ಶಾಲೆಗಳಿಗೂ ಅನ್ವಯಿಸುತ್ತದೆ. ಪರಭಾಷೆಯ ಗುರುಗಳು ನಮ್ಮ ಮಗುವಿನ ಕನ್ನಡವನ್ನು ಕಡೆಗಣಿಸಿದರೆ ನೋಯುವ ನಾವು, ಕನ್ನಡದ ಗುರುಗಳೇ ತುಳು ಮಗುವಿನ ಉಚ್ಚಾರವನ್ನು ಅಣಕಿಸಿದರೆ, ಬ್ಯಾರಿ ಮಾತಾಡುವ ಮಗುವನ್ನು ಹೊರಗಿನವನೆಂಬಂತೆ ಕಂಡರೆ, ಕೇರಿಯಿಂದ ಬಂದ ಮಗುವಿನ ಮಾತನ್ನು ಎಲ್ಲರ ಮುಂದೆ ‘ಗ್ರಾಮ್ಯ’ವೆಂದು ತಿದ್ದಿ ನಗಿಸಿದರೆ ಸುಮ್ಮನಿರಬಹುದೇ? ಜತ್ತದ ಹಳ್ಳಿಯ ಕನ್ನಡ ಮೈಸೂರಿನ ಪುಸ್ತಕದ ಕನ್ನಡದಂತಿಲ್ಲ. ತಾಳವಾಡಿಯ ಕನ್ನಡ ಧಾರವಾಡದ ಕನ್ನಡದಂತಿಲ್ಲ. ಅದು ದೋಷವಲ್ಲ. ಪುಸ್ತಕದ ಮಾತನ್ನು ಕಲಿಸಬೇಕು. ಮನೆಯ ಮಾತನ್ನು ಹೀಗಳೆಯಬಾರದು. ತನ್ನ ತಾಯಿಯ ಮಾತಿಗೆ ಶಾಲೆಯಲ್ಲಿ ನಗೆ ಎದ್ದುದನ್ನು ಕೇಳಿದ ಮಗು, ಮಾತನ್ನೇ ಅಲ್ಲ, ತಾಯಿಯನ್ನೂ ಕುರಿತು ನಾಚಲು ಕಲಿಯುತ್ತದೆ. ಅಂತಹ ನಾಚಿಕೆಯನ್ನು ಕಲಿಸುವ ಶಾಲೆ ಯಾವ ಭಾಷೆಯದಾದರೇನು?

ಹಿಂದೆಯೂ ಹೀಗಾಗಿತ್ತು

ಪರನುಡಿಯ ಪಾಠ ನಮಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿಯೇ, ಬೆಳಗಾವಿ ಧಾರವಾಡಗಳ ಭಾಗದಲ್ಲಿಯೇ, ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ಕುಳಿತು ಕಲಿಯಬೇಕಾಗಿತ್ತು. ಆಗ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಅವರು ಕೇವಲ ಮಾಧ್ಯಮ ಬದಲಿಸಿರೆಂದು ಕೂಗಲಿಲ್ಲ. ಶಾಲೆಗೆ ಉಪಾಧ್ಯಾಯರು ಬೇಕೆಂದು ತರಬೇತಿಯ ಏರ್ಪಾಟಿಗೆ ದುಡಿದರು. ಪುಸ್ತಕ ಬೇಕೆಂದು ಬರೆದರು, ಬರೆಯಿಸಿದರು. ಭಾಷೆ, ಗುರು, ಪುಸ್ತಕ ಈ ಮೂರೂ ಕೂಡಿದರೆ ಶಾಲೆ. ಒಂದು ತಪ್ಪಿದರೆ ಉಳಿದೆರಡು ವ್ಯರ್ಥ ಎಂಬುದನ್ನು ಅವರು ಬಲ್ಲರು. 1881ರಲ್ಲಿ ಅವರು ಅಲ್ಪಾಯುವಿನಲ್ಲಿ ತೀರಿಕೊಂಡರು. ಅವರು ನೆಟ್ಟ ಶಾಲೆಗಳಿಂದ ಬೆಳೆದ ಓದುಗರೇ ಮುಂದೆ ಏಕೀಕರಣದ ಹೋರಾಟಕ್ಕೆ ನೆಲವಾದರು.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯೋಣ. 1912ರಲ್ಲಿ ಜನಿಸಿದ ಆಕೆಯ ಶಾಲೆಯ ಕಲಿಕೆ ನಡೆದುದು ಮರಾಠಿಯಲ್ಲಿ. ಮನೆಯ ಮಾತಾದ ಕನ್ನಡವನ್ನು ಓದಿ ಬರೆಯಲು ಆಕೆ ಬಳಿಕ ಸ್ವಂತ ಸಾಧನೆಯಿಂದ ಕಲಿತರು. ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ರಚಿಸಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಆಕೆ. ಮರಾಠಿಯನ್ನೂ ಆಕೆ ಬಿಡಲಿಲ್ಲ. ವಚನಗಳನ್ನು ಮರಾಠಿಗೆ ಕೊಂಡೊಯ್ದರು. ಈ ಬಾಳು ನಮಗೆ ಹೆಮ್ಮೆಯದು. ಆದರೆ ಇದರಿಂದ ತಪ್ಪು ಪಾಠ ಕಲಿಯಬಾರದು. ಶಾಲೆ ಕೊಡದುದನ್ನು ಸ್ವಂತ ಸಾಧನೆಯಿಂದ ಗಳಿಸುವ ಶಕ್ತಿ ಸಾವಿರಕ್ಕೊಬ್ಬರಿಗೆ. ಉಳಿದ ಮಕ್ಕಳ ಗತಿಯನ್ನು ಶಾಲೆಯೇ ನಿರ್ಣಯಿಸುತ್ತದೆ.

ಕಾನೂನು ಏನೆನ್ನುತ್ತದೆ?

ನಮ್ಮ ಬೇಡಿಕೆ ದಯೆಯ ಬೇಡಿಕೆಯಲ್ಲ. 1949ರ ಆಗಸ್ಟ್‌ನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು, ಪ್ರಾಥಮಿಕ ಶಾಲೆಯೊಂದರಲ್ಲಿ ಬೇರೆ ಮಾತೃಭಾಷೆಯ 40 ಮಕ್ಕಳಾಗಲಿ ಒಂದು ತರಗತಿಯಲ್ಲಿ 10 ಮಕ್ಕಳಾಗಲಿ ಇದ್ದರೆ ಅವರ ಭಾಷೆಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯರನ್ನಾದರೂ ನೇಮಿಸಬೇಕೆಂದು ಗೊತ್ತುಮಾಡಿತು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸುವುದು ಪ್ರತಿಯೊಂದು ರಾಜ್ಯದ ಹೊಣೆಯಾಯಿತು. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯ ಹುದ್ದೆ ಏರ್ಪಟ್ಟಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು, ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂದೂ ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳುವಂತಿರಬೇಕೆಂದೂ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕನಿಷ್ಠ 5ನೆಯ ತರಗತಿಯವರೆಗೆ, ಸಾಧ್ಯವಾದರೆ 8ನೆಯ ತರಗತಿಯವರೆಗೆ, ಮನೆಮಾತಿನ ಅಥವಾ ಮಾತೃಭಾಷೆಯ ಬೋಧನೆಯನ್ನು ಸೂಚಿಸಿದೆ.

ಇನ್ನೊಂದು ಕಡೆ, ರಾಜ್ಯಗಳು ತಮ್ಮ ತಮ್ಮ ಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯಮಾಡುತ್ತ ಬಂದಿವೆ: 2006ರಲ್ಲಿ ತಮಿಳುನಾಡು, 2015ರಲ್ಲಿ ಕರ್ನಾಟಕ, 2017ರಲ್ಲಿ ಕೇರಳ, 2018ರಲ್ಲಿ ತೆಲಂಗಾಣ, 2020ರಲ್ಲಿ ಮಹಾರಾಷ್ಟ್ರ. ತಮಿಳುನಾಡಿನಲ್ಲಿ ಕಡ್ಡಾಯ ತಮಿಳು 10ನೆಯ ತರಗತಿಯ ಪರೀಕ್ಷೆಯನ್ನು ಮುಟ್ಟಿದಾಗ ಭಾಷಾ ಅಲ್ಪಸಂಖ್ಯಾತ ಮಕ್ಕಳು ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗಿದ್ದ ವಿನಾಯಿತಿಯನ್ನು ಒಂದು ವರ್ಷ ಮುಂದುವರಿಸಿತು. ಪರೀಕ್ಷೆಯ ಹೊಸ್ತಿಲಲ್ಲಿ ನಿಂತ ಮಗುವಿಗೆ ತಾನು ಯಾವ ಪತ್ರಿಕೆ ಬರೆಯಬೇಕೆಂಬುದೇ ತಿಳಿಯದಿರುವ ಸ್ಥಿತಿ ಯಾವ ಮಗುವಿಗೂ ಬರಬಾರದು.

ನಮ್ಮ ನಿಲುವು ಸ್ಪಷ್ಟವಾಗಿದೆ. ನಾವು ಬಾಳುವ ರಾಜ್ಯದ ಭಾಷೆಯನ್ನು ನಮ್ಮ ಮಕ್ಕಳು ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಸಂತೆಗೂ ಆಸ್ಪತ್ರೆಗೂ ಕಚೇರಿಗೂ ಉದ್ಯೋಗಕ್ಕೂ ಅದು ಬೇಕು; ನೆರೆಯವರ ಮಾತನ್ನು ಬಲ್ಲವನೇ ಒಳ್ಳೆಯ ನೆರೆಯವನು. ನಮ್ಮ ವಾದವಿರುವುದು ಕ್ರಮದ ಬಗ್ಗೆ ಮತ್ತು ರೀತಿಯ ಬಗ್ಗೆ. ಮೊದಲು ತಿಳಿದ ಮಾತಿನಲ್ಲಿ ಓದುಬರಹ ಬೇರೂರಲಿ; ಅದರ ಆಧಾರದ ಮೇಲೆ ರಾಜ್ಯದ ಭಾಷೆ ಬೆಳೆಯಲಿ; ಕಲಿಸುವವರಿಗೆ ಎರಡೂ ಬರಲಿ. ಒಂದನ್ನು ಕಲಿಯಲು ಇನ್ನೊಂದನ್ನು ಅಳಿಸಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ.

ಇದೇ ನ್ಯಾಯವನ್ನು ಕರ್ನಾಟಕವೂ ತನ್ನೊಳಗಿನ ಮರಾಠಿ, ತೆಲುಗು, ತಮಿಳು, ಮಲಯಾಳ, ಉರ್ದು ಮಕ್ಕಳಿಗೆ ಸಲ್ಲಿಸಬೇಕು. ಬೆಳಗಾವಿಯ ಮರಾಠಿ ಮಗುವಿಗೆ ಕೊಡದ ಸೌಕರ್ಯವನ್ನು ಅಕ್ಕಲಕೋಟೆಯ ಕನ್ನಡ ಮಗುವಿಗೆ ಕೇಳಲು ನಮಗೆ ಬಾಯಿಲ್ಲ. ಮಗುವಿನ ಹಕ್ಕಿಗೆ ಗಡಿಯ ಈಚೆ ಒಂದು ಅಳತೆ, ಆಚೆ ಒಂದು ಅಳತೆ ಇರಕೂಡದು.

ಹೊಣೆ ನಮ್ಮದೂ ಹೌದು

ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಹೋಗುವವರು ನಾವು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರ್ಕಾರ ಹೇರಲಾಗದು, ಆಯ್ಕೆ ತಂದೆತಾಯಿಗಳದು ಎಂದು ತೀರ್ಪಿತ್ತಿತು. ಅಂದರೆ ಕನ್ನಡ ಶಾಲೆಯ ಅಳಿವು ಉಳಿವು ತಂದೆತಾಯಿಗಳ ಕೈಗೆ ಬಂದು ನಿಂತಿದೆ. ಅದೇ ಹೊತ್ತಿಗೆ ಹಳ್ಳಿಹಳ್ಳಿಗೂ ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸು ಬರುತ್ತಿದೆ. ಮಗುವಿನ ಏಳಿಗೆಯನ್ನು ಬಯಸಿ ಅದನ್ನು ಆ ಬಸ್ಸಿಗೆ ಹತ್ತಿಸುವ ತಂದೆಯನ್ನು ನಾವು ಹಳಿಯುವುದಿಲ್ಲ. ಆದರೆ ಒಂದು ಮಾತು ಕೇಳುತ್ತೇವೆ: ಅಲ್ಲಿ ಕಲಿಸುವವರಿಗೆ ಮಗುವಿನ ಮಾತು ತಿಳಿಯುತ್ತದೆಯೇ ಎಂದು ವಿಚಾರಿಸಿದಿರಾ? ಸಂಜೆ ಮಗುವನ್ನು ಕೂಡಿಸಿಕೊಂಡು ಓದಿದುದರ ಅರ್ಥವನ್ನು ಕೇಳಿದಿರಾ? ಇಂಗ್ಲಿಷನ್ನು ಭಾಷೆಯಾಗಿ ಕಲಿಯುವುದು ಬೇರೆ. ಲೆಕ್ಕವನ್ನೂ ಲೋಕವನ್ನೂ ತಿಳಿಯದ ಭಾಷೆಯಲ್ಲಿ ಬಾಯಿಪಾಠ ಮಾಡುವುದು ಬೇರೆ.

2018ರಲ್ಲಿ ತೆರೆಕಂಡ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಲನಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಗಡಿಯ ಕನ್ನಡ ಶಾಲೆಯೊಂದು ಮುಚ್ಚುವ ಸ್ಥಿತಿಗೆ ಬಂದಾಗ ಮಕ್ಕಳೇ ಎದ್ದುನಿಲ್ಲುವ ಕಥೆ ಅದು. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಜನರು ನಕ್ಕರು, ಅತ್ತರು, ಚಪ್ಪಾಳೆ ತಟ್ಟಿದರು. ಒಳ್ಳೆಯದು. ಆದರೆ ತೆರೆಯ ಮೇಲಿನ ಶಾಲೆ ಉಳಿದುದರಿಂದ ನಮ್ಮೂರಿನ ಶಾಲೆ ಉಳಿಯುವುದಿಲ್ಲ. ಅದಕ್ಕೆ ಬೇಕಾದುದು ಜೂನ್ ತಿಂಗಳ ದಾಖಲಾತಿಯ ಪುಸ್ತಕದಲ್ಲಿ ಹೆಸರುಗಳು.

ಆದುದರಿಂದ ಪ್ರತಿ ಹಳ್ಳಿಯ ಬಂಧುಗಳಲ್ಲಿ ನಮ್ಮ ಸೂಚನೆಗಳು ಇವು:

ಒಂದು: ಶಾಲೆ ತೆರೆಯುವುದಕ್ಕೆ ಮೂರು ತಿಂಗಳು ಮುಂಚೆಯೇ ಕನ್ನಡದಲ್ಲಿ ಕಲಿಯಬೇಕಾದ ಮಕ್ಕಳ ಪಟ್ಟಿಯನ್ನು ಊರಿನವರೇ ಸಿದ್ಧಪಡಿಸಿ, ಮುಖ್ಯೋಪಾಧ್ಯಾಯರಿಗೂ ಶಿಕ್ಷಣಾಧಿಕಾರಿಗಳಿಗೂ ಬರಹದ ಮೂಲಕ ಕೊಟ್ಟು ರಸೀದಿ ಪಡೆಯಬೇಕು. ಹತ್ತು, ನಲವತ್ತು ಎಂಬ ಸಂಖ್ಯೆಗಳನ್ನು ಮನಸ್ಸಿನಲ್ಲಿಡಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಕಾಗದದ ಪಟ್ಟಿ ಕಡತದಲ್ಲಿ ಉಳಿಯುತ್ತದೆ.

ಎರಡು: 2009ರ ಕಾಯಿದೆಯಂತೆ ಶಾಲೆಯ ಆಡಳಿತ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ ಪೋಷಕರೂ ಇರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು. ಆ ಸಭೆಗಳಿಗೆ ಹೋಗಿರಿ. ತಾಯಂದಿರು ಹೋಗಲೇಬೇಕು, ಮಗು ಯಾವಾಗ ಮಂಕಾಯಿತೆಂಬುದನ್ನು ಮೊದಲು ತಿಳಿಯುವವರು ಅವರೇ.

ಮೂರು: ಕನ್ನಡ ಬಾರದ ಉಪಾಧ್ಯಾಯರು ಬಂದರೆ, ವ್ಯಕ್ತಿಯನ್ನು ನಿಂದಿಸದೆ ಮೇಲಿನವರಿಗೆ ದೂರು ಕೊಡಿರಿ. ಅವರು ಕನ್ನಡ ಕಲಿಯಲು ಸಿದ್ಧರಾದರೆ ಮನೆಗೆ ಕರೆದು ಕಲಿಸಿರಿ. ಅಲ್ಲಿಯವರೆಗೆ ಮಕ್ಕಳ ಪಾಠ ನಿಲ್ಲದಂತೆ ಊರಿನ ಓದಿದ ತರುಣ ತರುಣಿಯರು ಸಂಜೆಯ ಹೊತ್ತು ಕುಳಿತು ಆ ದಿನದ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ.

ನಾಲ್ಕು: ಅನ್ಯಭಾಷೆಯ ಶಾಲೆಗೆ ಹೋಗುವ ಕನ್ನಡ ಮಕ್ಕಳನ್ನು ನಮ್ಮವರಲ್ಲವೆಂದು ಬಿಡಬಾರದು. ದಿನಕ್ಕೆ ಅರ್ಧ ಗಂಟೆ ಮನೆಯಲ್ಲಿ ಕನ್ನಡ ಓದಿಸಿರಿ. ಅಜ್ಜ ಅಜ್ಜಿಯರ ಕಥೆಯನ್ನು ಮಗುವಿನ ಕೈಯಿಂದ ಬರೆಯಿಸಿರಿ. ಅದು ಕಥೆಯ ಉಳಿವೂ ಹೌದು, ಬರೆಹದ ಅಭ್ಯಾಸವೂ ಹೌದು.

ಐದು: ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರೆಂಬ ವಿಭಾಗವಿದೆ. ಅದರ ನಿಯಮಗಳನ್ನು ಪ್ರೌಢಶಾಲೆಯ ಹಂತದಲ್ಲಿಯೇ ಕೇಳಿ ತಿಳಿದು, ಬೇಕಾದ ಪ್ರಮಾಣಪತ್ರಗಳನ್ನು ಜೋಪಾನಮಾಡಿರಿ. ಕನ್ನಡ ಓದಿದರೆ ಮುಂದೇನು ಎಂಬ ಪ್ರಶ್ನೆಗೆ ಉತ್ತರವಾಗಿ ಬರಿಯ ಅಭಿಮಾನವನ್ನು ಕೊಡುವುದು ಸಾಲದು, ದಾರಿಯನ್ನೂ ತೋರಿಸಬೇಕು.

ಗಡಿಯ ಪ್ರಶ್ನೆ ದೊಡ್ಡವರ ಸಭೆಗಳಲ್ಲಿ ಏನಾಗುವುದೋ ಆಗಲಿ. 1967ರ ಮಹಾಜನ ಆಯೋಗದ ವರದಿ ಬಂದು ಅರ್ಧ ಶತಮಾನ ದಾಟಿತು. ಆ ಅವಧಿಯಲ್ಲಿ ಶಾಲೆಗೆ ಸೇರಿದ ಮಕ್ಕಳು ಅಜ್ಜಂದಿರಾದರು. ರಾಜ್ಯಗಳು ಕಾಯಬಲ್ಲವು, ಆಯೋಗಗಳು ಕಾಯಬಲ್ಲವು. ಆರು ವರ್ಷದ ಮಗು ಕಾಯಲಾರದು. ಮುಂದಿನ ವರ್ಷ ಅದಕ್ಕೆ ಏಳು ತುಂಬುತ್ತದೆ. ಬರುವ ಜೂನ್ ತಿಂಗಳಿಗೆ ಮುನ್ನವೇ ನಿಮ್ಮ ಊರಿನ ಪಟ್ಟಿ ಸಿದ್ಧವಾಗಲಿ.